ಒಪ್ಪಿಗೆಯ ಗುಂಡಿ ಒತ್ತುವ ಮುನ್ನ

ರೈಲು ಟಿಕೆಟ್ ಕಾಯ್ದಿರಿಸಲು, ಮಕ್ಕಳ ಪರೀಕ್ಷಾ ಫಲಿತಾಂಶ ನೋಡಲು, ಔಷಧಿಯೊಂದರ ವಿವರ ತಿಳಿಯಲು, ಹಬ್ಬಕ್ಕೆ ಬಟ್ಟೆ ತರಿಸಲು ಇಂದು ನಾವೆಲ್ಲರೂ ಅಂತರ್ಜಾಲದ ಮೊರೆ ಹೋಗುತ್ತೇವೆ. ಹಲವು ಜಾಲತಾಣಗಳಲ್ಲಿ ಪುಟ ತೆರೆದ ಕೂಡಲೇ ಪರದೆಯ ಕೆಳಗಡೆ ಒಂದು ಪಟ್ಟಿ ಮೂಡುತ್ತದೆ: ‘ಈ ತಾಣವು ಕುಕಿಗಳನ್ನು ಬಳಸುತ್ತದೆ. ನಿಮಗೆ ಒಪ್ಪಿಗೆಯೇ?’ ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಅಡ್ಡ ಬಂದದ್ದು ಸರಿದರೆ ಸಾಕೆಂದು ‘ಒಪ್ಪಿದೆ’ ಎಂಬ ಗುಂಡಿಯನ್ನೊತ್ತಿ ಮುಂದೆ ಸಾಗುತ್ತೇವೆ.

ಪ್ರಿಯ ಓದುಗರೇ, ಒಪ್ಪಿಗೆ ಎಂಬುದು ಸಣ್ಣ ಮಾತಲ್ಲ. ಯಾರಿಗೆ ಒಪ್ಪಿದೆವು, ಯಾವುದಕ್ಕೆ ಒಪ್ಪಿದೆವು ಎಂದು ತಿಳಿಯದೆ ಕೊಟ್ಟ ಒಪ್ಪಿಗೆಗೆ ಬೆಲೆ ಏನು? ಆದ್ದರಿಂದ ಕುಕಿ ಎಂದರೇನು, ಅದರಿಂದ ನಮಗೇನು ಉಪಕಾರ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

1. ಕುಕಿ ಎಂದರೇನು?

ಬಿಸ್ಕತ್ತಿನ ಹೆಸರು ಹೊತ್ತಿದ್ದರೂ ಕುಕಿ ತಿನ್ನುವ ವಸ್ತುವಲ್ಲ. ಅದು ಜಾಲತಾಣವೊಂದು ನಮ್ಮ ಬ್ರೌಸರಿನಲ್ಲಿ, ಅಂದರೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶದಲ್ಲಿ, ಇಟ್ಟುಹೋಗುವ ಒಂದು ಪುಟ್ಟ ಚೀಟಿ. ಅದರಲ್ಲಿ ಕೆಲವು ಅಕ್ಷರ, ಕೆಲವು ಅಂಕಿ ಇರುತ್ತವೆ, ಅಷ್ಟೆ.

ರೈಲು ನಿಲ್ದಾಣದ ಸಾಮಾನು ಕೋಣೆಯನ್ನು ನೆನಪಿಸಿಕೊಳ್ಳಿ. ಅಲ್ಲಿಯ ಗುಮಾಸ್ತರಿಗೆ ನಮ್ಮ ಮುಖ ನೆನಪಿರಬೇಕಾಗಿಲ್ಲ. ಅವರು ಕೊಟ್ಟ ಚೀಟಿಯನ್ನು ತೋರಿಸಿದರೆ ನಮ್ಮ ಪೆಟ್ಟಿಗೆ ನಮ್ಮ ಕೈಸೇರುತ್ತದೆ. ಜಾಲತಾಣದ ಸ್ಥಿತಿಯೂ ಹಾಗೆಯೇ. ಅದಕ್ಕೆ ಸ್ವಂತ ನೆನಪಿಲ್ಲ. ನಾವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದಾಗ ಅದರ ಪಾಲಿಗೆ ನಾವು ಹೊಸಬರೇ. ಬ್ರೌಸರು ಆ ಚೀಟಿಯನ್ನು ಪ್ರತಿ ಬಾರಿಯೂ ತೋರಿಸುವುದರಿಂದಲೇ ಅದು ನಮ್ಮನ್ನು ಗುರುತಿಸುತ್ತದೆ.

ಈ ಉಪಾಯವನ್ನು 1994ರಲ್ಲಿ ರೂಪಿಸಿದವರು ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಇಂಜಿನಿಯರು. ಅಂತರ್ಜಾಲದ ಅಂಗಡಿಯಲ್ಲಿ ಗ್ರಾಹಕರು ಆರಿಸಿದ ಸಾಮಾನುಗಳ ಬುಟ್ಟಿಯನ್ನು ನೆನಪಿಡುವುದು ಹೇಗೆ ಎಂಬ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರವಿದು. ತಂತ್ರಾಂಶಗಳು ತಮ್ಮತಮ್ಮೊಳಗೆ ಬದಲಾಯಿಸಿಕೊಳ್ಳುವ ಇಂತಹ ಚೀಟಿಯನ್ನು ಕಂಪ್ಯೂಟರ್ ತಜ್ಞರು ಮೊದಲೇ ‘ಮ್ಯಾಜಿಕ್ ಕುಕಿ’ ಎನ್ನುತ್ತಿದ್ದರು. ಹೆಸರು ಅಲ್ಲಿಂದ ಬಂತು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಕುಕಿ ವೈರಸ್ ಅಲ್ಲ. ಅದು ನಮ್ಮ ಫೋಟೋಗಳನ್ನು ತೆರೆದು ನೋಡಲಾರದು, ಕಡತಗಳನ್ನು ಓದಲಾರದು. ನಾವಾಗಿ ಹೇಳುವ ತನಕ ನಮ್ಮ ಹೆಸರು ಕೂಡ ಅದಕ್ಕೆ ಗೊತ್ತಿರುವುದಿಲ್ಲ. ಹಾಗಾದರೆ ಚಿಂತೆ ಯಾತಕ್ಕೆ?

2. ಮನೆಯವನ ಚೀಟಿ, ಹೊರಗಿನವನ ಚೀಟಿ

ಕುಕಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಾವು ಭೇಟಿ ಕೊಟ್ಟ ತಾಣವೇ ಇಡುವ ಕುಕಿ ಮೊದಲನೆಯದು. ಬ್ಯಾಂಕಿನ ತಾಣದಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ಟ ಮೇಲೆ ಪ್ರತಿ ಪುಟಕ್ಕೂ ಕೊಡಬೇಕಾಗಿಲ್ಲ, ಒಮ್ಮೆ ಕನ್ನಡ ಆರಿಸಿದರೆ ಮರುದಿನವೂ ಕನ್ನಡದಲ್ಲೇ ಪುಟ ತೆರೆಯುತ್ತದೆ. ಇದೆಲ್ಲ ಅದರ ಉಪಕಾರ. ಇಂತಹ ಕೆಲವು ಕುಕಿಗಳು ಬ್ರೌಸರು ಮುಚ್ಚಿದಾಗ ಅಳಿಯುತ್ತವೆ. ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ.

ಎರಡನೆಯದು ಹೊರಗಿನವರ ಕುಕಿ. ನಾವು ಓದುವ ಪುಟದಲ್ಲಿ ಜಾಹೀರಾತಿನ ಚೌಕವೊಂದಿದ್ದರೆ ಅದು ಬಹುಪಾಲು ಬೇರೊಂದು ಕಂಪನಿಯಿಂದ ಬಂದಿರುತ್ತದೆ. ಆ ಕಂಪನಿಯೂ ತನ್ನ ಚೀಟಿಯನ್ನು ನಮ್ಮ ಬ್ರೌಸರಿನಲ್ಲಿ ಇಡುತ್ತದೆ. ಅದೇ ಕಂಪನಿಯ ಚೌಕ ಸಾವಿರಾರು ತಾಣಗಳಲ್ಲಿ ಇರಬಹುದು.

ಒಂದು ಪೇಟೆ ಬೀದಿಯನ್ನು ಊಹಿಸಿಕೊಳ್ಳಿ. ಔಷಧಿ ಅಂಗಡಿಯಲ್ಲಿ, ಪುಸ್ತಕದಂಗಡಿಯಲ್ಲಿ, ಅಡವು ಅಂಗಡಿಯಲ್ಲಿ, ವಕೀಲರ ಕಚೇರಿಯಲ್ಲಿ ಒಬ್ಬನೇ ಯಜಮಾನನ ಆಳುಗಳು ಮೂಲೆಯಲ್ಲಿ ಕುಳಿತಿದ್ದಾರೆ. ಅವರು ನಮ್ಮ ಹೆಸರು ಕೇಳುವುದಿಲ್ಲ. ನಮ್ಮ ಕೈಯಲ್ಲಿರುವ ಚೀಟಿಯ ಅಂಕಿ ನೋಡಿ, ಎಲ್ಲಿಗೆ ಬಂದೆವು, ಏನು ನೋಡಿದೆವು ಎಂದು ಬರೆದಿಟ್ಟುಕೊಳ್ಳುತ್ತಾರೆ. ಸಂಜೆ ಎಲ್ಲ ಪುಸ್ತಕಗಳನ್ನೂ ಕೂಡಿಸಿದರೆ ನಮ್ಮ ಕಾಯಿಲೆ, ನಮ್ಮ ಸಾಲ, ನಮ್ಮ ಜಗಳ ಎಲ್ಲವೂ ಒಂದೇ ಹಾಳೆಗೆ ಬರುತ್ತವೆ. ಹೊರಗಿನವರ ಕುಕಿ ಮಾಡುವ ಕೆಲಸ ಇದು.

3. ಇದರಿಂದ ಕುಟುಂಬಕ್ಕೇನು?

‘ನಾನೇನೂ ತಪ್ಪು ಮಾಡುತ್ತಿಲ್ಲ, ಯಾರು ನೋಡಿದರೇನು?’ ಎನ್ನುವವರಿದ್ದಾರೆ. ಒಂದು ಉದಾಹರಣೆ ನೋಡೋಣ. ಮನೆಯ ಮಗನೊಬ್ಬ ಕೈಸಾಲದಲ್ಲಿ ಸಿಕ್ಕಿಬಿದ್ದಿದ್ದಾನೆ. ತಂದೆಗೆ ಹೇಳುವ ಧೈರ್ಯ ಬಂದಿಲ್ಲ. ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಸಾಲ ತೀರಿಸುವ ದಾರಿಗಳನ್ನು ಹುಡುಕುತ್ತಾನೆ. ಮರುದಿನ ತಂದೆ ಅದೇ ಕಂಪ್ಯೂಟರಿನಲ್ಲಿ ಸುದ್ದಿ ಓದಲು ಕುಳಿತರೆ, ಬದಿಯಲ್ಲಿ ‘ಹತ್ತೇ ನಿಮಿಷದಲ್ಲಿ ಸಾಲ’ ಎಂಬ ಜಾಹೀರಾತುಗಳ ಸಾಲು. ಮಗ ತಾನಾಗಿ, ತನ್ನ ಹೊತ್ತು ನೋಡಿ ಹೇಳಬೇಕಾಗಿದ್ದ ವಿಷಯ ಹೀಗೆ ಹೊರಬೀಳಬಹುದು.

ಇದಕ್ಕಿಂತ ದೊಡ್ಡ ಅಪಾಯ ಆ ಮಗನಿಗೇ ಇದೆ. ಸಾಲದಿಂದ ಬಿಡಿಸಿಕೊಳ್ಳಲು ಹೊರಟವನ ಕಣ್ಣೆದುರು ಮತ್ತೆ ಮತ್ತೆ ಸಾಲದ ಆಮಿಷವೇ ಬರುತ್ತದೆ. ಕುಡಿತ ಬಿಡಲು, ಜೂಜು ಬಿಡಲು ಹೆಣಗುವವರ ಪಾಡೂ ಹೀಗೇ ಆಗಬಹುದು. ಮನುಷ್ಯನ ದುರ್ಬಲ ಗಳಿಗೆಯನ್ನು ಗುರುತಿಸಿ ಅಲ್ಲಿಯೇ ವ್ಯಾಪಾರ ಹೂಡಲು ಈ ವ್ಯವಸ್ಥೆಯಲ್ಲಿ ಅವಕಾಶವಿದೆ. ನೆರೆಯವರ ಕಷ್ಟವನ್ನು ಪೇಟೆಯಲ್ಲಿ ಮಾರುವವನನ್ನು ನಾವು ಸಜ್ಜನನೆಂದು ಕರೆಯುವುದಿಲ್ಲ. ಯಂತ್ರದ ಮೂಲಕ ಮಾಡಿದರೆ ಅದು ಸರಿಯಾಗುವುದೇ?

4. ಕಾನೂನು ಏನು ಹೇಳುತ್ತದೆ?

ಹೊರಗಿನವರ ಕುಕಿಗಳಿಗೆ ಬ್ರೌಸರುಗಳು ತಾವಾಗಿ ಎಡೆ ಕೊಡಬಾರದೆಂದು ಅಂತರ್ಜಾಲದ ತಾಂತ್ರಿಕ ನಿಯಮ ರೂಪಿಸುವ ತಜ್ಞರು 1997ರಲ್ಲೇ ಹೇಳಿದ್ದರು. ಆಗಿನ ದೊಡ್ಡ ಬ್ರೌಸರುಗಳು ಅದನ್ನು ಪಾಲಿಸಲಿಲ್ಲ. ಯುರೋಪಿನ ಒಕ್ಕೂಟ 2009ರಲ್ಲಿ ತನ್ನ ನಿಯಮವನ್ನು ತಿದ್ದಿ, ಅಗತ್ಯವಲ್ಲದ ಕುಕಿಗಳಿಗೆ ಮೊದಲು ಒಪ್ಪಿಗೆ ಪಡೆಯಬೇಕೆಂದಿತು. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಪ್ಪಿಗೆ ಎನ್ನಲಾಗದು ಎಂದು 2019ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ತೀರ್ಪಿತ್ತಿತು. ಒಪ್ಪುವುದು ಒಂದೇ ಒತ್ತಿಗೆ ಆಗುತ್ತದೆ, ನಿರಾಕರಿಸಲು ಮಾತ್ರ ಹಲವು ಬಾರಿ ಒತ್ತಬೇಕಾಗುತ್ತದೆ ಎಂಬ ಕಾರಣಕ್ಕೆ ಫ್ರಾನ್ಸಿನ ನಿಯಂತ್ರಕರು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿದ್ದನ್ನು ಪ್ರಕಟಿಸಿದರು.

ನಮ್ಮ ದೇಶದಲ್ಲಿ ಈ ದಾರಿ ತೆರೆದದ್ದು ಕನ್ನಡನಾಡಿನ ಹಿರಿಯರೊಬ್ಬರ ಹೆಸರಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಕುಕಿ ಎಂಬ ಪದವಿಲ್ಲ. ಆದರೆ ಒಪ್ಪಿಗೆಯು ಒತ್ತಾಯವಿಲ್ಲದ್ದು, ನಿರ್ದಿಷ್ಟವಾದದ್ದು, ವಿಷಯ ತಿಳಿದು ಕೊಟ್ಟದ್ದು ಆಗಿರಬೇಕು ಎಂದಿದೆ. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು. ಒಪ್ಪಿಗೆ ಕೇಳುವ ಮಾತನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು. ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಕ್ಕಳ ಜಾಡು ಹಿಡಿಯುವುದಕ್ಕೂ ಅವರತ್ತ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ನಿಷೇಧವಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳ ಬಳಿಕ ಜಾರಿಯಾಗುವಂತೆ ಗೊತ್ತುಪಡಿಸಲಾಗಿದೆ.

5. ನಾವು ಮಾಡಬಹುದಾದದ್ದು

ಅ) ಪಟ್ಟಿ ಕಂಡಾಗ ಅರೆಗಳಿಗೆ ನಿಲ್ಲಿ. ‘ನಿರಾಕರಿಸು’ ಅಥವಾ ‘ಅಗತ್ಯವಾದವು ಮಾತ್ರ’ ಎಂಬ ಆಯ್ಕೆ ಇದೆಯೇ ನೋಡಿ. ಅದನ್ನು ಒತ್ತಿದರೂ ಬಹುಪಾಲು ತಾಣಗಳು ಎಂದಿನಂತೆ ತೆರೆಯುತ್ತವೆ.

ಆ) ಹೊರಗಿನವರ ಕುಕಿಗಳನ್ನು ತಡೆಯಿರಿ. ಸಫಾರಿ ಬ್ರೌಸರು 2020ರಿಂದ ಅವನ್ನು ತಾನಾಗಿಯೇ ತಡೆಯುತ್ತಿದೆ. ಗೂಗಲ್ ತನ್ನ ಕ್ರೋಮ್‌ನಿಂದ ಅವನ್ನು ತೆಗೆಯುವುದಾಗಿ 2020ರಲ್ಲಿ ಹೇಳಿ, 2024ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಆದ್ದರಿಂದ ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ‘ಥರ್ಡ್ ಪಾರ್ಟಿ ಕುಕೀಸ್’ ಎಂಬಲ್ಲಿಗೆ ಹೋಗಿ ತಾವೇ ‘ಬ್ಲಾಕ್’ ಆರಿಸಬೇಕು.

ಇ) ಸೈಬರ್ ಅಂಗಡಿ, ಕಾಲೇಜು, ಧರ್ಮಕೇಂದ್ರದ ಕಚೇರಿ, ಎಲ್ಲೇ ಆಗಲಿ ಹಲವರು ಬಳಸುವ ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿದಾಗ ‘ಲಾಗ್ ಔಟ್’ ಮಾಡಿಯೇ ಏಳಿ. ಇಲ್ಲದಿದ್ದರೆ ನಮ್ಮ ಚೀಟಿ ಅಲ್ಲಿಯೇ ಉಳಿದು, ಮುಂದೆ ಕುಳಿತವರಿಗೆ ಪಾಸ್‌ವರ್ಡ್ ಇಲ್ಲದೆಯೇ ನಮ್ಮ ಖಾತೆ ತೆರೆದೀತು.

ಈ) ಆಗಾಗ ಹಳೆಯ ಕುಕಿಗಳನ್ನು ಅಳಿಸಿ. ಮತ್ತೆ ಪಾಸ್‌ವರ್ಡ್ ಕೊಡಬೇಕಾಗುತ್ತದೆ ಎಂಬುದಷ್ಟೇ ತೊಂದರೆ.

ಉ) ಕುಕಿ ತಡೆದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ಮೊಬೈಲ್ ಆ್ಯಪ್‌ಗಳು ಫೋನಿಗೇ ಇರುವ ಜಾಹೀರಾತು ಸಂಖ್ಯೆಯಿಂದ ಗುರುತು ಹಿಡಿಯಬಲ್ಲವು. ‘ಇನ್‌ಕಾಗ್ನಿಟೋ’ ಕಿಟಕಿಯು ಮನೆಯವರ ಕಣ್ಣಿಗೆ ನಮ್ಮ ಹುಡುಕಾಟ ಬೀಳದಂತೆ ನೋಡಿಕೊಂಡರೂ ಭೇಟಿ ಕೊಟ್ಟ ತಾಣದಿಂದ ನಮ್ಮನ್ನು ಮರೆಮಾಡುವುದಿಲ್ಲ.

ಮನೆಯಲ್ಲಿ ಮಾತನಾಡಿಕೊಳ್ಳಲು

• ನಮ್ಮ ಮನೆಯ ಫೋನನ್ನು ಯಾರು ಯಾರು ಬಳಸುತ್ತಾರೆ? ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬಯಲಾದ ಸಂದರ್ಭವಿದೆಯೇ?

• ಮಕ್ಕಳು ಆಟವಾಡುವಾಗ ‘ಒಪ್ಪಿದೆ’ ಎಂದು ಒತ್ತುವ ಮೊದಲು ಹಿರಿಯರನ್ನು ಕೇಳುತ್ತಾರೆಯೇ? ಹಿರಿಯರು ಕಿರಿಯರಿಂದ ಈ ಸೆಟ್ಟಿಂಗ್ಸ್ ಕಲಿಯಲು ಸಿದ್ಧರಿದ್ದಾರೆಯೇ?

ಈ ವಾರದ ಅಭ್ಯಾಸ: ಒಂದು ಸಂಜೆ ಊಟವಾದ ಬಳಿಕ ಮನೆಮಂದಿ ಸೇರಿ ಪ್ರತಿ ಫೋನಿನಲ್ಲಿಯೂ ಹೊರಗಿನವರ ಕುಕಿಗಳನ್ನು ತಡೆಯುವ ಸೆಟ್ಟಿಂಗನ್ನು ಹುಡುಕಿ ಸರಿಪಡಿಸಿ. ಹತ್ತು ನಿಮಿಷದ ಕೆಲಸ. ಅಜ್ಜ ಅಜ್ಜಿಯರ ಫೋನನ್ನು ಮರೆಯದಿರಿ.