ಎಕ್ಸಾಸ್ಟ್ ಪೈಪಿಗೆ ಆರ್ಕ್ ಹಚ್ಚುವ ಮುನ್ನ

ಕಾಲೇಜು ಹುಡುಗರು, ಹುಡುಗಿಯರು ತಾವೇ ಚಾಸಿ ಕಟ್ಟಿ, ಬೈಕಿನ ಎಂಜಿನ್ ಕೂರಿಸಿ ರೇಸ್ ಟ್ರ್ಯಾಕಿಗೆ ಇಳಿಸುವ ಗಾಡಿಗಳನ್ನು ಕಂಡಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಪುಸ್ತಕ ಹಿಡಿದ ಕೈ ವೆಲ್ಡಿಂಗ್ ಟಾರ್ಚನ್ನೂ ಹಿಡಿಯಬೇಕು ಎಂದು ನಂಬಿದವನು ನಾನು. ಆದರೆ ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತದೆ. ಚಾಸಿಯ ಒಂದೊಂದು ಪೈಪಿಗೂ ತಿಂಗಳುಗಟ್ಟಲೆ ಲೆಕ್ಕ ಹಾಕುವ ನೀವು, ಎಕ್ಸಾಸ್ಟನ್ನು ಕೊನೆಯ ವಾರಕ್ಕೆ ಬಿಡುತ್ತೀರಿ. ಆಗ ಗುಜರಿಯಿಂದ ಒಂದು ತುಂಡು, ರೇಲಿಂಗ್ ಮಾಡುವ ಅಂಗಡಿಯಿಂದ ಇನ್ನೊಂದು, ಹಳೆಯ ಬೈಕಿನ ಬೆಂಡ್ ಪೈಪು ಮತ್ತೊಂದು ಬರುತ್ತದೆ. ಎಲ್ಲವನ್ನೂ ರಾತ್ರೋರಾತ್ರಿ ಬೆಸೆದು ಮುಗಿಸುತ್ತೀರಿ. ನೋಡಲು ಬೀಡ್ ಅಂದವಾಗಿಯೇ ಇರುತ್ತದೆ. ಎರಡನೆಯ ದಿನ ಬಿರುಕು ಬಿಡುತ್ತದೆ.

ಮೊದಲು ಕೈಯಲ್ಲಿರುವ ಲೋಹ ಯಾವುದೆಂದು ತಿಳಿದುಕೊಳ್ಳಿ. ಎಲ್ಲರೂ ಮ್ಯಾಗ್ನೆಟ್ ಹಿಡಿದು ನೋಡುತ್ತಾರೆ. ಎಂಎಸ್ (ಮೈಲ್ಡ್ ಸ್ಟೀಲ್) ಪೈಪಿಗೆ ಅದು ಅಂಟುತ್ತದೆ, 304 ಎಸ್‌ಎಸ್‌ಗೆ ಅಂಟುವುದಿಲ್ಲ. ಆದರೆ ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಕಾರು ಕಂಪನಿಗಳು ಎಕ್ಸಾಸ್ಟಿಗೆ ಹೆಚ್ಚಾಗಿ ಬಳಸುವ 409 ಕೂಡ ಸ್ಟೇನ್‌ಲೆಸ್ಸೇ. ಅದರಲ್ಲಿ ಕ್ರೋಮಿಯಂ ಶೇ. 11ರ ಆಸುಪಾಸು, ನಿಕ್ಕಲ್ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಮ್ಯಾಗ್ನೆಟ್ ಅಂಟುತ್ತದೆ. ಇನ್ನೊಂದು ಕಡೆ, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 202 ನಮ್ಮ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಗೇಟು, ರೇಲಿಂಗುಗಳಿಗೆ ಬರುವ ಅದಕ್ಕೆ ಮ್ಯಾಗ್ನೆಟ್ ಅಂಟದು. 304 ಎಂದು ಅದನ್ನೇ ಕೈಗಿಟ್ಟರೆ ಹೊಳಪು ನೋಡಿ ಯಾರೂ ಕಂಡುಹಿಡಿಯಲಾರರು. ಹಾಗಾಗಿ ಟೆಸ್ಟ್ ಸರ್ಟಿಫಿಕೇಟ್ ಕೊಡುವ ಅಂಗಡಿಯಿಂದಲೇ ಪೈಪು ತನ್ನಿ. ಗುಜರಿಯದ್ದೇ ಬೇಕೆಂದರೆ, ಕಾಲೇಜಿನ ಲ್ಯಾಬಿನಲ್ಲೋ ಲೋಹ ಪರೀಕ್ಷಿಸುವ ಕಡೆಯೋ ಒಂದು ತುಂಡು ಕೊಟ್ಟು ಮಿಶ್ರಣ ತಿಳಿದುಕೊಳ್ಳಿ.

ಜಿಐ ಪೈಪನ್ನಂತೂ ವರ್ಕ್‌ಶಾಪಿನ ಈ ಕೆಲಸದ ಹತ್ತಿರ ಸುಳಿಯಲೂ ಬಿಡಬೇಡಿ. ಅದರ ಮೇಲಿನ ಸತುವು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907ಕ್ಕೆ ಕುದಿದು ಆವಿಯಾಗುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ. ಇದು ಮೈಗಾಗುವ ಕೇಡು. ಕರಗಿದ ಸತುವು ಕಾದ ಸ್ಟೇನ್‌ಲೆಸ್ಸಿನ ಕಣಗಳ ನಡುವಿನ ಸಂದಿಗೆ ಇಳಿದು ಅದನ್ನು ಒಳಗಿಂದಲೇ ಸೀಳಿಹಾಕುತ್ತದೆ. ಇದು ಕೆಲಸಕ್ಕಾಗುವ ಕೇಡು, ಮೇಲಿಂದ ಕಾಣುವುದೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 304 ಪೈಪನ್ನು ಎಂಎಸ್ ಪೈಪಿಗೋ ಫ್ಲ್ಯಾಂಜಿಗೋ ಬೆಸೆಯಬೇಕು ಎಂದಿಟ್ಟುಕೊಳ್ಳಿ. ಫಿಲ್ಲರ್ ರಾಡ್ ಏಕೆ, ಎರಡೂ ಅಂಚು ಕರಗಿಸಿ ಸೇರಿಸಿದರಾಯಿತು ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 304ರಲ್ಲಿ ಕ್ರೋಮಿಯಂ ಸುಮಾರು ಶೇ. 18, ನಿಕ್ಕಲ್ ಶೇ. 8. ಎಂಎಸ್‌ನಲ್ಲಿ ಎರಡೂ ಇಲ್ಲ. ಅರ್ಧಕ್ಕರ್ಧ ಕಲೆತರೆ ಬೆಸುಗೆಯಲ್ಲಿ ಕ್ರೋಮಿಯಂ 9, ನಿಕ್ಕಲ್ 4 ಉಳಿಯುತ್ತದೆ, ಜೊತೆಗೆ ಎಂಎಸ್‌ನ ಕಾರ್ಬನ್ ಸೇರುತ್ತದೆ. ಈ ಮಿಶ್ರಣ ಆರಿದಾಗ ಮಾರ್ಟೆನ್‌ಸೈಟ್ ಆಗುತ್ತದೆ. ಗಟ್ಟಿಯೇನೋ ಹೌದು, ಆದರೆ ಬಾಗಲು ತಿಳಿಯದ ಗಟ್ಟಿತನ. ಎಂಜಿನ್ನಿನ ನಡುಕಕ್ಕೆ ಮೊದಲು ಬಲಿಯಾಗುವುದು ಅದೇ. ಎಂಎಸ್ ಫಿಲ್ಲರ್ ಹಾಕಿದರೂ ಗತಿ ಇದೇ.

ಇದಕ್ಕೆಂದೇ ಇರುವುದು 309ಎಲ್ ರಾಡ್. ಅದರಲ್ಲಿ ಕ್ರೋಮಿಯಂ ಶೇ. 23ರಿಂದ 25, ನಿಕ್ಕಲ್ 12ರಿಂದ 14. ಎಂಎಸ್ ಬಂದು ತೆಳುವಾಗಿಸುತ್ತದೆ ಎಂಬುದನ್ನು ಮೊದಲೇ ಎಣಿಸಿ ಹೆಚ್ಚಾಗಿ ತುಂಬಿಟ್ಟ ರಾಡ್ ಅದು. ಬೆಸುಗೆಯ ನೂರು ಪಾಲಿನಲ್ಲಿ 70 ಪಾಲು ರಾಡಿನದು, ಎರಡು ಪೈಪುಗಳದು ತಲಾ 15 ಎಂದುಕೊಂಡು ಮತ್ತೆ ಲೆಕ್ಕ ಹಾಕಿ. ಕ್ರೋಮಿಯಂ 19ರ ಹತ್ತಿರ, ನಿಕ್ಕಲ್ 10ರ ಹತ್ತಿರ ನಿಲ್ಲುತ್ತದೆ. ಇದು 304ಕ್ಕೆ ಸರಿಸಮ. ಅದರೊಳಗೆ ಸ್ವಲ್ಪ ಫೆರೈಟ್ ಉಳಿಯುವುದರಿಂದ ಬಿಸಿಯಲ್ಲೇ ಬಿರುಕು ಬಿಡುವ ಭಯವೂ ಕಡಿಮೆ. 1949ರಲ್ಲಿ ಆಂಟನ್ ಶೆಫ್ಲರ್ ಪ್ರಕಟಿಸಿದ ನಕ್ಷೆಯಲ್ಲಿ ಈ ಲೆಕ್ಕವನ್ನು ಪೆನ್ಸಿಲ್ಲಿನಿಂದ ಗುರುತಿಸಿಯೇ ನೋಡಬಹುದು. ನೀವು ಓದುವ ಪಠ್ಯದಲ್ಲೂ ಆ ನಕ್ಷೆ ಇದೆ. ಪರೀಕ್ಷೆಗಾಗಿ ಓದಿ ಮರೆಯುವ ಪುಟ ಅದಲ್ಲ, ಗೋಡೆಗೆ ಅಂಟಿಸಿಕೊಳ್ಳಬೇಕಾದ ಪುಟ. ರಾಡಿನ ಹೆಸರಿನ ಕೊನೆಯ ‘ಎಲ್’ ಬಿಡಬೇಡಿ. ಅದು ಕಾರ್ಬನ್ ಶೇ. 0.03ಕ್ಕಿಂತ ಹೆಚ್ಚಿಲ್ಲ ಎಂಬುದರ ಗುರುತು. ಕಾರ್ಬನ್ ಹೆಚ್ಚಿದ್ದರೆ, ಎಕ್ಸಾಸ್ಟ್ ದಿನವೂ ಮುಟ್ಟುವ ಬಿಸಿಯಲ್ಲೇ ಅದು ಕ್ರೋಮಿಯಂ ಅನ್ನು ಕಚ್ಚಿಕೊಂಡು ತುಕ್ಕಿಗೆ ದಾರಿ ಮಾಡುತ್ತದೆ.

ಸರಿಯಾದ ರಾಡ್ ಹಾಕಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅದನ್ನು ಯಾವ ರಾಡೂ ಬಿಡಿಸಲಾರದು. ಒಂದು ಮೀಟರ್ ಉದ್ದದ ಎಂಎಸ್ ಪೈಪು 500 ಡಿಗ್ರಿ ಹೆಚ್ಚು ಬಿಸಿಯಾದರೆ ಆರು ಮಿಲಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಅಷ್ಟೇ ಉದ್ದದ 304 ಪೈಪು ಸುಮಾರು ಒಂಬತ್ತು ಮಿಲಿಮೀಟರ್ ಬೆಳೆಯುತ್ತದೆ. ಎರಡನ್ನೂ ಒಂದೇ ಗೆರೆಯಲ್ಲಿ ಕಟ್ಟಿಹಾಕಿದ ಬೆಸುಗೆ ಎಂಜಿನ್ ಚಾಲೂ ಮಾಡಿದಾಗಲೊಮ್ಮೆ, ಆರಿಸಿದಾಗಲೊಮ್ಮೆ ಜಗ್ಗಾಟಕ್ಕೆ ಸಿಗುತ್ತದೆ. ಆದ್ದರಿಂದ ಎರಡು ಲೋಹ ಸೇರುವ ಜಾಗವನ್ನು ನೀವೇ ಆರಿಸಬೇಕು. ಎಕ್ಸಾಸ್ಟ್ ಪೋರ್ಟಿನ ಬಾಯಲ್ಲಿ, ಕೆಂಪಗೆ ಕಾಯುವ ಹೆಡರಿನಲ್ಲಿ ಅದು ಬೇಡ. ಆದಷ್ಟು ಹಿಂದಕ್ಕೆ, ತಂಪಾದ ಕಡೆಗೆ ತನ್ನಿ. ಅದಕ್ಕೂ ಮೊದಲು, ಅಲ್ಲಿ ಬೆಸುಗೆಯೇ ಬೇಕೇ ಎಂದು ಕೇಳಿಕೊಳ್ಳಿ. ಸ್ಲಿಪ್ ಜಾಯಿಂಟ್ ಮಾಡಿ ಸ್ಪ್ರಿಂಗ್ ಹಾಕಬಹುದು, ಫ್ಲ್ಯಾಂಜ್ ಇಟ್ಟು ಗ್ಯಾಸ್ಕೆಟ್ ಕೊಟ್ಟು ಬೋಲ್ಟ್ ಬಿಗಿಯಬಹುದು. ಎಂಜಿನ್ನಿಗೂ ಚಾಸಿಗೂ ನಡುವೆ ಬೆಲ್ಲೋಸ್ ಹಾಕಿ, ಸೈಲೆನ್ಸರಿನ ಭಾರವನ್ನು ರಬ್ಬರ್ ಹ್ಯಾಂಗರಿಗೆ ಹೊರಿಸಿ. ಬೆಸುಗೆ ಅನಿಲವನ್ನು ತಡೆಯಲಿ, ಭಾರ ಹೊರುವ ಕೆಲಸ ಅದಕ್ಕೆ ಬೇಡ. ನನ್ನನ್ನು ಕೇಳಿದರೆ, ಚೆನ್ನಾಗಿ ವೆಲ್ಡ್ ಮಾಡುವವನಿಗಿಂತ ಎಲ್ಲಿ ವೆಲ್ಡ್ ಮಾಡಬಾರದು ಎಂದು ಬಲ್ಲವನೇ ದೊಡ್ಡ ಕೆಲಸಗಾರ.

ಕೆಲವು ಜೋಡಿಗಳನ್ನಂತೂ ಬೆಸೆಯಲು ಹೋಗಲೇಬಾರದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಉಕ್ಕು ಸುಮಾರು 1,500ಕ್ಕೆ. ಎರಡೂ ಕಲೆತ ಕಡೆ ಹುಟ್ಟುವ ಪದರ ಗಾಜಿನಷ್ಟು ಪೆಡಸು. ಹಾಗಾಗಿ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿಗೆ ಪೈಪು ಕೂರಿಸಲು ಸ್ಟಡ್ಡು, ಗ್ಯಾಸ್ಕೆಟ್ಟುಗಳೇ ದಾರಿ. ಬೀಡು ಕಬ್ಬಿಣದ ಮ್ಯಾನಿಫೋಲ್ಡಿಗೆ ಬೆಸೆಯಬಹುದು, ಆದರೆ ನಿಕ್ಕಲ್ ರಾಡ್ ಬೇಕು, ಮೊದಲೇ ಕಾಯಿಸಬೇಕು, ಆಮೇಲೆ ಒಣ ಮರಳಿನಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನ ಆರಿಸಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಅದಕ್ಕೂ ಫ್ಲ್ಯಾಂಜೇ ಒಳ್ಳೆಯದು.

ಆರ್ಗಾನ್ ವೆಲ್ಡಿಂಗಿಗೆ ಕೂತಾಗ ಪೈಪಿನ ಹೊರಗಷ್ಟೇ ಆರ್ಗಾನ್ ಕೊಟ್ಟು ಎದ್ದುಬಿಡಬೇಡಿ. ಒಳಗೂ ತುಂಬಿಸಬೇಕು. ಇಲ್ಲದಿದ್ದರೆ ಒಳಮೈಯಲ್ಲಿ ಕಪ್ಪು ಹರಳು ಹರಳಾದ ಪದರ ಏಳುತ್ತದೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಎರಡೂ ಬಾಯಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಆರ್ಗಾನ್ ಗಾಳಿಗಿಂತ ಭಾರವಾದ್ದರಿಂದ ಕೆಳಗಿನಿಂದ ಬಿಟ್ಟು ಮೇಲೊಂದು ಸಣ್ಣ ತೂತು ಇಡಿ. 1.2 ಮಿಲಿಮೀಟರ್ ದಪ್ಪದ ಪೈಪಿಗೆ 40-45 ಆಂಪಿಯರ್ ಸಾಕು. ಎಸ್‌ಎಸ್ ಬಿಸಿಯನ್ನು ಎಂಎಸ್‌ನಷ್ಟು ಬೇಗ ಸಾಗಿಸುವುದಿಲ್ಲ, ತನ್ನಲ್ಲೇ ಇಟ್ಟುಕೊಂಡು ಸೊಟ್ಟಗಾಗುತ್ತದೆ. ಸುತ್ತಲೂ ಟ್ಯಾಕ್ ಹಾಕಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಎಂಎಸ್ ಉಜ್ಜಿದ ಬ್ರಶ್ಶನ್ನೂ ಗ್ರೈಂಡಿಂಗ್ ವೀಲನ್ನೂ ಎಸ್‌ಎಸ್‌ಗೆ ಮುಟ್ಟಿಸಬೇಡಿ. ಗಾಡಿಯ ಮೇಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಬಿಚ್ಚಿಡಿ, ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹಾದುಹೋಗುತ್ತದೆ.

ಮೈ ಬಗ್ಗೆ ಹೇಳುವಾಗ ನಾನು ಸ್ವಲ್ಪ ಗಡುಸಾಗುತ್ತೇನೆ, ಬೇಸರ ಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸ್ಟೇನ್‌ಲೆಸ್ಸಿನ ಹೊಗೆಯಲ್ಲಿ ವಿಷಕಾರಿ ಕ್ರೋಮಿಯಂ ಇರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಸರಿಯಾದ ರೆಸ್ಪಿರೇಟರ್ ಬೇಕು, ಹೊಗೆ ಎಳೆಯುವ ಫ್ಯಾನ್ ಬೇಕು. ಪೈಪಿನ ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಎಂದಿಗೂ ಬೇಡ. ಅದರ ಆವಿ ಆರ್ಕಿನ ಬೆಳಕಿಗೆ ಸಿಕ್ಕರೆ ಫಾಸ್ಜೀನ್ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು. ಅಸಿಟೋನ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಆರ್ಕ್ ಹಚ್ಚಿ.

ಕಲಿತ ವಿದ್ಯೆಯನ್ನು ರಸ್ತೆಯ ಬೈಕಿಗೆ ಹಚ್ಚುವ ಆಸೆ ಬರಬಹುದು. ಕಂಪನಿಯ ಸೈಲೆನ್ಸರ್ ಕಿತ್ತು ಗುಡುಗುವ ಪೈಪು ಹಾಕುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ಅದಕ್ಕಿಂತಲೂ, ಆಸ್ಪತ್ರೆಯ ಮುಂದೆ ಮಲಗಿರುವವರ ನಿದ್ದೆಗೆ ವಿರುದ್ಧ. ನಿಮ್ಮ ಎಕ್ಸಾಸ್ಟ್ ಟ್ರ್ಯಾಕಿನಲ್ಲೇ ಇರಲಿ.

ಗಾಡಿಯ ಪೈಪು ಕತ್ತರಿಸುವ ಮೊದಲು ಅದೇ ಎರಡು ಲೋಹದ ಚೂರುಗಳನ್ನು, ಅದೇ ರಾಡಿನಲ್ಲಿ, ಅದೇ ಆಂಪಿಯರಿನಲ್ಲಿ ಬೆಸೆಯಿರಿ. ಪೂರ್ತಿ ಆರಲು ಬಿಡಿ. ಅದನ್ನು ವೈಸಿಗೆ ಕಚ್ಚಿಸಿ, ಬೆಸುಗೆಯ ಮೇಲೇ ಮಡಿಕೆ ಬೀಳುವಂತೆ ಸುತ್ತಿಗೆಯಿಂದ ಬಗ್ಗಿಸಿ, ಹೊರಮೈಯನ್ನೂ ಒಳಮೈಯನ್ನೂ ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟಿದ್ದರೆ, ನಾಳೆಯೇ ಸ್ಪರ್ಧೆ ಇದ್ದರೂ ಸರಿ, ಆ ಜೋಡಣೆ ಗಾಡಿಗೆ ಹೋಗಬಾರದು.