ಹಿಮಕುಸಿತವೂ ದಾರಿಹೋಕರ ಮಠವೂ

‘ಹಿಮಪಾತಕ್ಕೆ ಸಿಲುಕಿ ಇಷ್ಟು ಮಂದಿ ಮೃತರಾದರು’ ಎಂಬ ವಾರ್ತೆಯನ್ನು ಓದಿದಾಗ ನಮ್ಮ ವಿದ್ಯಾರ್ಥಿಗಳು ಮಳೆಯಂತೆ ಮಂಜು ಸುರಿದು ಜನರು ಸತ್ತರೆಂದು ಭಾವಿಸುವುದುಂಟು. ದೋಷವು ವಿದ್ಯಾರ್ಥಿಗಳದಲ್ಲ, ಪದಪ್ರಯೋಗದ್ದು. ಆಕಾಶದಿಂದ ಹಿಮವು ಬೀಳುವುದು ಹಿಮಪಾತ. ಪರ್ವತದ ಇಳಿಜಾರಿನಲ್ಲಿ ಸಂಚಿತವಾದ ಹಿಮರಾಶಿಯು ಒಮ್ಮೆಲೇ ಬುಡ ಕಳಚಿಕೊಂಡು ಕೆಳಗೆ ಧಾವಿಸುವುದು ಹಿಮಕುಸಿತ. ಅಮರಕೋಶದಲ್ಲಿ ಹಿಮದ ರಾಶಿಗೆ ‘ಹಿಮಾನೀ’ ಎಂಬ ಶಬ್ದವುಂಟು; ಆದರೆ ಆ ರಾಶಿಯ ಓಟವನ್ನು ಅದು ಹೇಳದು. ಹಿಮವನ್ನೇ ಕಾಣದ ನಾಡಿನವರಾದ ನಮಗೆ ಇದು ಶಬ್ದಸೂಕ್ಷ್ಮವೆನಿಸಬಹುದು. ಪರ್ವತವಾಸಿಗಳಿಗೆ ಜೀವನ್ಮರಣದ ಭೇದ.

ಓಡುವಾಗ ನೊರೆಯಂತೆ ಕಾಣುವ ಹಿಮವು ನಿಂತೊಡನೆ ಗಾರೆಯಂತೆ ಗಟ್ಟಿಯಾಗುತ್ತದೆ. ಒಳಗೆ ಹೂತವನು ಬೆರಳನ್ನೂ ಅಲುಗಿಸಲಾರನು. ಮೇಲಾವುದು ಕೆಳಗಾವುದು ಎಂಬುದೇ ತಿಳಿಯದು. ಮೇಲೆ ನಡೆದಾಡುವವರ ಮಾತು ಅವನಿಗೆ ಕೆಲವೊಮ್ಮೆ ಕೇಳಿಸುವುದಂತೆ. ಅವನ ಕೂಗು ಮಾತ್ರ ಮೇಲಕ್ಕೆ ಬಾರದು. ಇದಕ್ಕಿಂತ ದಾರುಣವಾದ ಏಕಾಂತವನ್ನು ನಾನು ಊಹಿಸಲಾರೆ. ಅವನನ್ನು ಕೊಲ್ಲುವುದು ಬಹುಮಟ್ಟಿಗೆ ಚಳಿಯಲ್ಲ, ಉಸಿರಿನ ಅಭಾವ. ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತ ಅವನು ಪ್ರಜ್ಞೆ ತಪ್ಪುತ್ತಾನೆ. ಪೂರ್ತಿ ಹೂತವರನ್ನು 15 ನಿಮಿಷಗಳೊಳಗೆ ತೋಡಿ ತೆಗೆದರೆ ನೂರಕ್ಕೆ ತೊಂಬತ್ತು ಮಂದಿ ಬದುಕುವರೆಂದೂ, 35 ನಿಮಿಷಗಳಾದರೆ ಮೂವತ್ತು ಮಂದಿ ಉಳಿಯುವುದೂ ಕಷ್ಟವೆಂದೂ ಸಂಶೋಧಕರು ಲೆಕ್ಕಹಾಕಿದರು. ಈಚಿನ ಸಂಶೋಧನೆಯು ಆ ಮೊದಲ ಅವಧಿಯನ್ನು 10 ನಿಮಿಷಗಳಿಗೆ ಇಳಿಸಿದೆ. ಊರಿಗೆ ಸುದ್ದಿ ಮುಟ್ಟಿ ರಕ್ಷಕರು ಹೊರಡುವುದಕ್ಕೆ ಇಷ್ಟು ಕಾಲ ಸಾಲದು. ಆದುದರಿಂದ ಹೂತವನ ಪ್ರಾಣವು ಆ ಗಳಿಗೆಯಲ್ಲಿ ಅಲ್ಲಿಯೇ ಹಾದುಹೋಗುತ್ತಿದ್ದವನ ಕೈಯಲ್ಲಿದೆ. ಅವನು ಬಂಧುವಾಗಿರಲಿ, ಹೆಸರೂ ತಿಳಿಯದ ಅಪರಿಚಿತನಾಗಿರಲಿ.

ಇದಕ್ಕೆ ಅಪವಾದವೊಂದನ್ನು ನಮ್ಮ ನಾಡಿನವರು ಮರೆತಿರಲಾರರು. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ ಹಿಮವು ಕುಸಿದು, ಮದ್ರಾಸ್ ರೆಜಿಮೆಂಟಿನ 10 ಮಂದಿ ಯೋಧರು ಹೂತುಹೋದರು. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಲ್ಲೊಬ್ಬರು. 8ರಂದು ಸುಮಾರು 25 ಅಡಿ ಹಿಮದಡಿಯಲ್ಲಿ ಅವರು ಜೀವಂತರಾಗಿ ಸಿಕ್ಕಿದರು. ಕುಸಿದ ಡೇರೆಯೊಳಗೆ ಉಳಿದಿದ್ದ ಗಾಳಿಯೇ ಅವರ ಉಸಿರನ್ನು ಹಿಡಿದಿತ್ತೆಂದು ಹೇಳುತ್ತಾರೆ. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಆ ಮೂರು ದಿನ ನಮ್ಮ ಕಡೆಯ ಗುಡಿ-ಮಠಗಳಲ್ಲಿ ನಡೆದ ಪ್ರಾರ್ಥನೆಗಳನ್ನು ನೆನೆದರೆ ಈಗಲೂ ಕಣ್ಣು ತೇವಗೊಳ್ಳುತ್ತದೆ.

ಹಾದುಹೋಗುವವನು ಅಲ್ಲಿರುವುದು ದೈವವಶವೇ? ಅದನ್ನು ದೈವಕ್ಕೆ ಬಿಡದೆ ನೇಮವಾಗಿ ಮಾಡಿಕೊಂಡ ಮಠವೊಂದು ಆಲ್ಪ್ಸ್ ಪರ್ವತದಲ್ಲಿದೆ. ಇಟಲಿ ಮತ್ತು ಸ್ವಿಟ್ಜರ್ಲೆಂಡುಗಳ ನಡುವೆ 2,469 ಮೀಟರ್ ಎತ್ತರದಲ್ಲಿರುವ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಬರ್ನಾರ್ಡ್ ಎಂಬ ಸಂತನು ದಾರಿಹೋಕರಿಗಾಗಿ ಆಶ್ರಯಮನೆಯೊಂದನ್ನು ಕಟ್ಟಿಸಿದನು. ಅಗಸ್ಟಿನ್ ಸಂಪ್ರದಾಯದ ಯತಿಗಳೂ ಅವರ ಸೇವಕರೂ ಚಳಿಗಾಲದಲ್ಲಿ ಪ್ರಯಾಣಿಕರಿಗೆ ದಾರಿತೋರಲು, ಬಿರುಗಾಳಿಯ ನಂತರ ಕಳೆದುಹೋದವರನ್ನು ಹುಡುಕಲು ಹೊರಡುತ್ತಿದ್ದರು. ನಮ್ಮ ಮಠಗಳ ದಾಸೋಹವನ್ನು ಇದಕ್ಕೆ ಹೋಲಿಸಬೇಕೆನಿಸುವುದು ಸಹಜ. ಆದರೆ ನಮ್ಮಲ್ಲಿ ಹಸಿದವನು ತಾನಾಗಿ ಬಾಗಿಲಿಗೆ ಬರುವನು. ಅಲ್ಲಿ ಅತಿಥಿಯನ್ನು ಹಿಮದಿಂದ ತೋಡಿ ತರಬೇಕು. ತಡವಾಗಿ ಸಿಕ್ಕವರೂ ಉಂಟು. ನೆಲವು ಹೆಪ್ಪುಗಟ್ಟಿ ಗುಂಡಿ ತೋಡಲು ಬಾರದ ಆ ಎಡೆಯಲ್ಲಿ, ಗುರುತು ಸಿಗದ ಶವಗಳನ್ನು ಎಂದಾದರೊಂದು ದಿನ ಬಂಧುಗಳು ಬಂದು ಗುರುತಿಸಲೆಂದು ಪ್ರತ್ಯೇಕವಾದೊಂದು ಮನೆಯಲ್ಲಿ ಇರಿಸುತ್ತಿದ್ದರು.

ಮಠದ ನಾಯಿಗಳ ಕೀರ್ತಿಯು ಯತಿಗಳ ಕೀರ್ತಿಯನ್ನೂ ಮೀರಿತು. ಹಿಮದಡಿಯಲ್ಲಿರುವವನನ್ನು ವಾಸನೆಯಿಂದಲೇ ಕಂಡುಹಿಡಿಯುತ್ತಿದ್ದ ಈ ನಾಯಿಗಳಲ್ಲಿ ಬ್ಯಾರಿ ಎಂಬುದು ನಾಲ್ವತ್ತು ಜನರನ್ನು ಉಳಿಸಿತೆಂದು ಪ್ರತೀತಿ. ತಾನು ಉಳಿಸಹೋದವನಿಂದಲೇ ಅದು ಹತವಾಯಿತೆಂಬ ಕಥೆಯನ್ನು ಹಲವರು ಕೇಳಿರಬಹುದು; ಅದು ಕೇವಲ ಕಲ್ಪನೆ. ಬ್ಯಾರಿಯು ಮುಪ್ಪಿನಲ್ಲಿ, 1812ರಲ್ಲಿ, ಬರ್ನ್ ನಗರವನ್ನು ಸೇರಿ 1814ರಲ್ಲಿ ಅಲ್ಲಿಯೇ ಸತ್ತಿತು. ನಾಯಿಯ ಕೊರಳಿನ ಮದ್ಯದ ಪೀಪಾಯಿಯೂ 1820ರ ಲ್ಯಾಂಡ್‌ಸೀರ್ ಎಂಬ ಚಿತ್ರಕಾರನ ಚಿತ್ರದಿಂದ ಹಬ್ಬಿದ್ದು. ಅಧ್ಯಾಪಕರು ಪಾಠಹೇಳುವಾಗ ಇವೆರಡನ್ನೂ ತಿದ್ದಿಕೊಳ್ಳುವುದೊಳ್ಳೆಯದು.

1964ರಲ್ಲಿ ಕಣಿವೆಯ ಕೆಳಗೆ ಸುರಂಗಮಾರ್ಗವು ತೆರೆಯಿತು. 2005ರಲ್ಲಿ ನಾಯಿಗಳ ಪಾಲನೆಯು ಒಂದು ಪ್ರತಿಷ್ಠಾನಕ್ಕೆ ಸೇರಿತು. ರಕ್ಷಣೆಗೆ ಈಗ ಹೆಲಿಕಾಪ್ಟರ್ ಬರುತ್ತದೆ. ಆದರೂ ಚಳಿಗಾಲದಲ್ಲಿ ಮೇಲಿನ ರಸ್ತೆಯು ಮುಚ್ಚಿದಾಗ, ಹಿಮಪಾದುಕೆ ಧರಿಸಿ ಏರಿಬರುವವರಿಗೆ ಆ ಮನೆ ಇಂದಿಗೂ ತೆರೆದಿದೆ. ಹಿಮದ ಹಾದಿ ಬಲ್ಲವರು ಹಾಗೆ ಏರುವಾಗ ಎದೆಯ ಮೇಲೆ ಸಂಕೇತ ಹೊಮ್ಮಿಸುವ ಚಿಕ್ಕ ಯಂತ್ರವೊಂದನ್ನು ಕಟ್ಟಿಕೊಂಡು, ಬೆನ್ನಚೀಲದಲ್ಲಿ ಸಲಿಕೆಯೊಂದನ್ನು ಒಯ್ಯುತ್ತಾರೆ. ಯಂತ್ರವು ತಾನು ಹೂತರೆ ಪರರಿಗೆ ಸಿಗಲೆಂದು. ಸಲಿಕೆಯು ಮುಂದೆ ನಡೆಯುತ್ತಿರುವವನು ಹೂತರೆ ತೋಡಲೆಂದು.