ಕೂಸೂ ಹೊಲವೂ

ನಮ್ಮ ಮನೆಯಲ್ಲಿ ಈಚೆಗೆ ತೊಟ್ಟಿಲು ಕಟ್ಟಿದೆವು. ಕೂಸು ಆಡಂಬರವಿಲ್ಲದೆ, ಮಣ್ಣಿನ ನಂಟಿನಲ್ಲಿ ಬೆಳೆಯಲೆಂಬುದು ನಮ್ಮ ಆಸೆ. ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಒಕ್ಕಲು ಮನೆಗಳಿಗೆ ಇದು ಕಷ್ಟದ ಮಾತಲ್ಲ.

ಮೊದಲ 6 ತಿಂಗಳು ತಾಯಿಯ ಹಾಲೇ ಸಾಕು, ನೀರೂ ಬೇಡ. ಆಮೇಲೆ ಎದೆಹಾಲಿನೊಡನೆ ಜೋಳದ ಗಂಜಿ, ಬೇಯಿಸಿ ನುಣ್ಣಗೆ ಹಿಸುಕಿದ ತೊಗರಿಬೇಳೆ, ನುಗ್ಗೆಸೊಪ್ಪು ಕೊಡಬೇಕು. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದು.

ನಡೆಯಲು ಕಲಿತ ಮೇಲೆ ಹೊಲ ತೋರಿಸೋಣ. ಆದರೆ ಒಂದು ಎಚ್ಚರ ಬೇಕು. ಗದ್ವಾಲದ ಕಡೆ ಹೈಬ್ರಿಡ್ ಹತ್ತಿಬೀಜ ಬೆಳೆಯುತ್ತಾರೆ. ಸಂಜೆ ಒಂದೊಂದು ಮೊಗ್ಗಿನ ಗಂಡುಕೇಸರ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಶಾಲೆ ಬಿಡಿಸಿ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದ್ದುಂಟು. ಔಷಧ ಹೊಡೆದ ಗಿಡಗಳ ನಡುವೆ ಅವರು ದುಡಿದದ್ದುಂಟು. 14 ವರ್ಷ ತುಂಬದವರನ್ನು ಕೂಲಿಗೆ ಹಚ್ಚುವುದನ್ನು 2016ರಲ್ಲಿ ತಿದ್ದಿದ ಕಾಯದೆ ನಿಷೇಧಿಸಿದೆ.

ಮಣ್ಣಿನ ನಂಟೆಂದರೆ ಇದಲ್ಲ, ವಾಚಕರೆ. ಔಷಧ ಹೊಡೆದ ಹೊಲಕ್ಕೆ ಮಕ್ಕಳನ್ನು ಒಯ್ಯದಿರೋಣ. ಅದರ ಖಾಲಿ ಡಬ್ಬಿಯಲ್ಲಿ ನೀರು ತುಂಬದಿರೋಣ. ಹೊಡೆದು ಬಂದವರು ಬಟ್ಟೆ ಬದಲಿಸಿ, ಸ್ನಾನ ಮಾಡಿ, ಆಮೇಲೆ ಕೂಸನ್ನು ಎತ್ತಿಕೊಳ್ಳೋಣ. ಮಗು ಹಿತ್ತಿಲಲ್ಲಿ ನಾಲ್ಕು ಅವರೆಕಾಳು ಊರಿ ಮೊಳಕೆ ನೋಡಲಿ, ಕರುವಿನ ಮೈ ತಡವಲಿ. ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಲಿ.